ಅಟ್ಟೆ ಕಟ್ಟುವ ಕೈ

ಬೆಳಿಗ್ಗೆ ಫೋನು ತೆರೆದರೆ ಯಾರೋ ಕಳಿಸಿದ ಒಂದು ಪಟ್ಟಿ: ದೇವರಿಗೆ ಅರ್ಪಿಸಿಕೊಂಡ ಹೃದಯದ ಹತ್ತು ಲಕ್ಷಣಗಳು. ನಂಬಿಕೆ, ದೀನತೆ, ಕ್ಷಮೆ, ವಿಧೇಯತೆ, ಒಂದೊಂದರ ಮುಂದೆಯೂ ಹಸಿರು ಸರಿಗುರುತು. ಅದರಲ್ಲಿ ಸುಳ್ಳೇನೂ ಇಲ್ಲ, ಎಲ್ಲವೂ ಬೈಬಲಿನಲ್ಲಿ ಇರುವುದೇ. ಆದರೂ ಸಿಟ್ಟು ಬಂತು. ಇಂಥ ಪಟ್ಟಿ ಓದಿದವರು ಮೊದಲು ತಮಗೆ ಅಂಕ ಹಾಕಿಕೊಳ್ಳುತ್ತಾರೆ, ಆಮೇಲೆ ಪಕ್ಕದ ಮನೆಯವರಿಗೆ. ಭಕ್ತಿಗೆ ಇದಕ್ಕಿಂತ ದೊಡ್ಡ ಕೇಡಿಲ್ಲ.

ಹೊರಗೆ ಬಂದಾಗ ಬೇಲಿಯಾಚೆ ನೆರೆಮನೆಯ ಬಾಯಮ್ಮ ಆಗಲೇ ಮಲ್ಲಿಗೆ ಗಿಡಗಳ ನಡುವೆ ಬಗ್ಗಿದ್ದರು. ಇನ್ನಂಜೆ, ಶಂಕರಪುರದ ಕಡೆ ಇದು ದಿನದ ನೋಟ. ಸರಕಾರದ ಕಾಗದದಲ್ಲಿ ಈ ಹೂ ಭೌಗೋಳಿಕ ಸೂಚಕ ಪಡೆದ ಉಡುಪಿ ಮಲ್ಲಿಗೆ. ನಮಗೆ ಶಂಕರಪುರ ಮಲ್ಲಿಗೆ. ಮೊಗ್ಗು ಅರಳುವ ಮೊದಲೇ ಕೊಯ್ಯಬೇಕು, ಇಂದು ಬಿಟ್ಟದ್ದು ನಾಳೆಗೆ ದಕ್ಕದು. ಮಳೆ ಹೊಯ್ದರೂ, ಮೈ ಬಿಸಿಯಿದ್ದರೂ ಗಿಡ ಕಾಯುವುದಿಲ್ಲ. ಕೊಯ್ದದ್ದನ್ನು ಜಗಲಿಯಲ್ಲಿ ಹರವಿಕೊಂಡು ಕೂತರೆ ಆಯಿತು, ಎಡಗೈಯ ಬೆರಳುಗಳ ನಡುವೆ ಮೊಗ್ಗುಗಳ ತೊಟ್ಟುಗಳು ಸೇರುತ್ತವೆ, ಬಲಗೈ ಒದ್ದೆ ಬಾಳೆನಾರನ್ನು ಸುತ್ತಿ ಬಿಗಿಯುತ್ತದೆ. ಹೆಚ್ಚು ಬಿಗಿದರೆ ತೊಟ್ಟು ತುಂಡಾಗುತ್ತದೆ, ಸಡಿಲ ಬಿಟ್ಟರೆ ಹೂ ಉದುರುತ್ತದೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆಯೆಂದರೆ 3,200 ಮೊಗ್ಗು ಆ ಬೆರಳುಗಳನ್ನು ಹಾದುಹೋಗಿರಬೇಕು. ಅದರ ರೇಟು ನಿಗದಿಯಾಗುವುದು ಶಂಕರಪುರದ ಹೂವಿನ ಕಟ್ಟೆಯಲ್ಲಿ. ಮದುವೆಯ ದಿನಗಳಲ್ಲಿ ಏರುತ್ತದೆ, ಕೆಲವು ದಿನ ನಾರಿನ ಖರ್ಚು ಹುಟ್ಟುವುದೇ ಕಷ್ಟ.

ಈ ಹೂ ಬೆಳೆಯುವ ಮನೆಗಳಲ್ಲಿ ಎಷ್ಟೋ ಕ್ರೈಸ್ತರವು. ಹೂ ಹೋಗುವುದು ದೇವಸ್ಥಾನಗಳಿಗೆ, ಭೂತದ ನೇಮಕ್ಕೆ, ಮದುಮಗಳ ಜಡೆಗೆ, ಮುಂಬೈಗೆ.

"ಯಾರಿಗೆ ಹೋಗುತ್ತದೆ ಬಾಯಮ್ಮ ಇದೆಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಯಾರ ತಲೆಗೋ, ಯಾವ ದೇವರಿಗೋ. ಕಟ್ಟಿದ್ದು ಗಟ್ಟಿ ಇರಬೇಕು ಮಾರಾಯ್ರೆ, ಅಷ್ಟೆ."

ಸಂಜೆ ಅದೇ ಜಗಲಿಯ ಒಳಗಿನಿಂದ ಕೊಂಕಣಿಯಲ್ಲಿ ತೇರ್ಸ್ ಕೇಳುತ್ತದೆ, ಜಪಸರದ ಮಣಿಯೊಂದಿಗೆ ಮುಂದೆ ಸಾಗುವ ಪ್ರಾರ್ಥನೆ. ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಜೋಡಿಸಿ ಬೆಸಾಂವ್, ಅಂದರೆ ಆಶೀರ್ವಾದ, ಬೇಡುತ್ತಾರೆ. ಬೆಳಗಿನ ಬೆರಳು, ಸಂಜೆಯ ಬೆರಳು ಎರಡೂ ಒಂದೇ. ನನಗೆ ಗೊತ್ತಿರುವ ಅರ್ಪಣೆ ಇದು. ಇದಕ್ಕೆ ಸರಿಗುರುತು ಹಾಕುವ ಧೈರ್ಯ ನನಗಿಲ್ಲ.

ಬಾಯಮ್ಮನನ್ನು ನೋಡಿದಾಗ ಬೈಬಲಿನ ದಾವೀದನ ಕಥೆ ನೆನಪಾಗುತ್ತದೆ. ಇಷಯನ ಮನೆಗೆ ಸಮುವೇಲ ಬಂದು ಅರಸನಾಗುವವನನ್ನು ಹುಡುಕುತ್ತಾನೆ. ಏಳು ಮಕ್ಕಳು ಸಾಲಾಗಿ ಮುಂದೆ ಹಾದುಹೋಗುತ್ತಾರೆ. ಯಾರೂ ಅಲ್ಲ. ಕಿರಿಯವನು ಕುರಿಗಳ ಬಳಿ ಇದ್ದ. ಅವನನ್ನು ಕರೆಯಬೇಕೆಂದು ಸ್ವಂತ ಅಪ್ಪನಿಗೇ ತೋಚಿರಲಿಲ್ಲ. ದೇವರು ನೋಡುವುದು ಹೃದಯವನ್ನು ಎಂಬ ಮಾತು ಬರುವುದು ಅಲ್ಲಿಯೇ. ಆ ಮಾತನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಹಿಡಿಸುವುದು ಆ ಹೊತ್ತಿನಲ್ಲೂ ಹುಡುಗ ಕೆಲಸದಲ್ಲಿದ್ದ ಎಂಬುದು. ಎಲ್ಲರೂ ಬಂದು ಅವನಿಗಾಗಿ ಕಾದು ನಿಲ್ಲಬೇಕಾಯಿತು.

ಯೇಸು ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕೂತು ನೋಡಿದ್ದೂ ಹಾಗೆಯೇ, ಬಡ ವಿಧವೆಯ ಎರಡು ಚಿಕ್ಕ ನಾಣ್ಯಗಳನ್ನು. ತನ್ನನ್ನು ಯಾರಾದರೂ ನೋಡುತ್ತಿದ್ದಾರೆಂದು ಆಕೆಗೆ ಗೊತ್ತಿತ್ತೆಂದು ಸುವಾರ್ತೆ ಎಲ್ಲಿಯೂ ಹೇಳುವುದಿಲ್ಲ.

ಹೂವಿನ ಮಾತು ಬಂದಾಗ ಇಲ್ಲಿನ ಕ್ರೈಸ್ತರ ಮೊಂತಿ ಹಬ್ಬವನ್ನು ಬಿಡಲಾಗದು. ಸೆಪ್ಟೆಂಬರ್ 8 ಮರಿಯಮ್ಮನ ಹುಟ್ಟಿದ ದಿನ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಳಿಗೆ ಹಾಕುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಮನೆಗೆ ಬರುತ್ತದೆ, ಹೊಸ ಕಾಳು ಹಾಲಿಗೋ ಪಾಯಸಕ್ಕೋ ಸೇರಿ ಎಲ್ಲರ ಪಾಲಿಗೆ ಸಿಗುತ್ತದೆ. ಆ ಬುಟ್ಟಿಗಳಲ್ಲಿ ಮಲ್ಲಿಗೆಯೇ ಇರಬೇಕೆಂದಿಲ್ಲ. ಬೇಲಿಯ ದಾಸವಾಳ, ಗದ್ದೆಬದಿಯ ಕಾಡುಹೂ, ಯಾವುದಾದರೂ ಆದೀತು. ಆ ದಿನಗಳಲ್ಲಿ ನಿಮ್ಮ ಅಂಗಳದ ಹೂ ಕೇಳಿಕೊಂಡು ಪಕ್ಕದ ಮನೆಯ ಮಗು ಬಂದರೆ ದಯವಿಟ್ಟು ಇಲ್ಲವೆನ್ನಬೇಡಿ.