ನಿದ್ದೆಗೊಂದು ಕಾವಲು

ಸ್ಮೋಕ್ ಡಿಟೆಕ್ಟರ್ ಕೊಂಡು ತಂದವರು ಮೊದಲು ಕೈ ತೋರಿಸುವುದು ಅಡುಗೆಮನೆಯ ಕಡೆಗೆ. ಬೆಂಕಿ ಉರಿಯುವುದು ಅಲ್ಲೇ ತಾನೆ, ಅಲ್ಲೇ ಹಾಕಿಬಿಡಿ ಎನ್ನುತ್ತಾರೆ. ನಾನಂತೂ ಬೇಡ ಎನ್ನುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿಯಬೇಕು, ಗೊಜ್ಜಿಗೆ ಬದನೆಕಾಯಿ ಸುಡಬೇಕು, ಒಗ್ಗರಣೆ ಸೌಟು ಹೊಗೆಯಾಡಬೇಕು. ಅಷ್ಟಕ್ಕೆಲ್ಲ ಅದು ಕಿರುಚತೊಡಗಿದರೆ ಯಾರಾದರೊಬ್ಬರು ಸ್ಟೂಲ್ ಹತ್ತಿ ಬ್ಯಾಟರಿ ಕಿತ್ತಿಡುತ್ತಾರೆ. ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ಒಲೆಯಿಂದ ಕನಿಷ್ಠ 10 ಅಡಿ ದೂರವಿರಲಿ. ಅಡುಗೆಮನೆಗೆಂದೇ ಬೇಕಾದರೆ ಶಾಖಕ್ಕೆ ಮಾತ್ರ ಎಚ್ಚೆತ್ತುಕೊಳ್ಳುವ ಹೀಟ್ ಡಿಟೆಕ್ಟರ್ ಸಿಗುತ್ತದೆ. ಗ್ಯಾಸ್ ಸೋರಿಕೆಯದು ಬೇರೆಯದೇ ಉಪಕರಣ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಳ್ಳುತ್ತದೆ. ಹಾಗಾಗಿ ಅದರ ಜಾಗ ನೆಲದ ಹತ್ತಿರ. ಹೊಗೆ ಮೇಲೇರುವಂಥದ್ದು, ಸ್ಮೋಕ್ ಡಿಟೆಕ್ಟರ್‌ನ ಜಾಗ ಸೂರು.

ಮಲೆನಾಡಿನ ಹಳೆಯ ಮನೆಗಳಲ್ಲಿ ಹೊಗೆಗೆ ಹೆದರುತ್ತಿರಲಿಲ್ಲ. ಸೌದೆ ಒಲೆಯ ಮೇಲಿನ ಅಟ್ಟ ಹೊಗೆ ಹಿಡಿದು ಕಪ್ಪಾಗಿರುತ್ತಿತ್ತು. ಒಲೆ ಹೊತ್ತಿಸಿದ ಮೇಲೆ ಹೆಂಚುಗಳ ಸಂದಿಯಿಂದ ಹೊಗೆ ತೆಳ್ಳಗೆ ಆಚೆ ಹೋಗುತ್ತಿತ್ತು. ಈಗಿನ ಆರ್‌ಸಿಸಿ ಮನೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಸೂರಿಗೆ ತಾಗಿ, ಅಲ್ಲಿಂದ ಪದರ ಪದರವಾಗಿ ಕೆಳಗಿಳಿಯುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಅಂದು ಮಹಡಿಗಳನ್ನು ತುಂಬಿ ಜನರನ್ನು ದಿಕ್ಕೆಡಿಸಿದ್ದು ಹೊಗೆ. ಅದು ಕಚೇರಿ ಕಟ್ಟಡ, ಹೊತ್ತು ಹಗಲು, ಒಳಗಿದ್ದವರೆಲ್ಲ ಎಚ್ಚರವಿದ್ದವರು.

ಮನೆಯಲ್ಲಿ ರಾತ್ರಿ ಹೀಗಾದರೆ? ಎಚ್ಚರವಿದ್ದಾಗ ಮೂಗು ಹೇಳಿಬಿಡುತ್ತದೆ. ನಿದ್ದೆಯಲ್ಲಿ ಮೂಗನ್ನು ನಂಬುವಂತಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಇನ್ನಷ್ಟು ಮಂಪರಿಗೆ ತಳ್ಳುತ್ತದೆ. ಎಬ್ಬಿಸಬೇಕಾದದ್ದು ಸದ್ದು. ಆದ್ದರಿಂದ ಪ್ರತಿ ಮಲಗುವ ಕೋಣೆಯೊಳಗೊಂದು ಡಿಟೆಕ್ಟರ್, ಆ ಕೋಣೆಗಳ ಹೊರಗಿನ ಪ್ಯಾಸೇಜಿನಲ್ಲೊಂದು, ಮಹಡಿಗೊಂದಾದರೂ ಇರಲೇಬೇಕು. ಕಿವಿ ಮಂದವಾದ ಅಜ್ಜಿ ಇದ್ದರೆ, ಒಂದು ಕೂಗಿದೊಡನೆ ಮನೆಯ ಎಲ್ಲವೂ ಕೂಗುವಂಥ ಜೋಡಣೆ ಮಾಡಿಸಿ. ಬೇರೆ ಕೋಣೆಯಲ್ಲಿರುವ ಮಗನೋ ಸೊಸೆಯೋ ಎದ್ದು ಓಡಿ ಬರಬಹುದು. ಮೆಟ್ಟಿಲ ಕೆಳಗೆ ಯುಪಿಎಸ್ ಇಟ್ಟು, ರಾತ್ರಿಯಿಡೀ ಸ್ಕೂಟರ್ ಬ್ಯಾಟರಿ ಚಾರ್ಜಿಗೆ ಹಾಕುವ ಮನೆಗಳು ಈಗ ಬೇಕಾದಷ್ಟಿವೆ. ಅಲ್ಲಿನ ಹೊಗೆ ನೇರ ಮೆಟ್ಟಿಲು ಹತ್ತುತ್ತದೆ. ಅಂಥ ಮನೆಯಲ್ಲಿ ಮೆಟ್ಟಿಲ ಮೇಲಿನ ಸೂರನ್ನು ಮರೆಯಬೇಡಿ.

ಸೂರಿಗೆ ಹಾಕುವಾಗ ಫ್ಯಾನಿನ ರೆಕ್ಕೆಯ ತುದಿಯಿಂದ 3 ಅಡಿ ಬಿಡಿ, ಇಲ್ಲವಾದರೆ ಗಾಳಿ ಹೊಗೆಯನ್ನು ಚದುರಿಸಿಬಿಡುತ್ತದೆ. ಬಚ್ಚಲ ಬಾಗಿಲ ಎದುರು ಬೇಡ, ಹಬೆಗೂ ಅದು ಕೂಗುತ್ತದೆ. ಸಾಂಬ್ರಾಣಿ ಹಾಕುವ ದೇವರ ಮನೆಯ ಮುಂದೆಯೂ ಬೇಡ. ಗೋಡೆಯೇ ಗತಿಯೆಂದರೆ ಸೂರಿನಿಂದ ಒಂದಡಿಯೊಳಗೆ ಇರಲಿ.

ಹಾಕಿಸಿ ಮರೆಯುವ ವಸ್ತುವಲ್ಲ ಇದು. 10 ವರ್ಷಕ್ಕೆ ಇಡೀ ಉಪಕರಣವನ್ನೇ ಬದಲಿಸಬೇಕು. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಿ. ಒತ್ತುವಾಗ ಮಕ್ಕಳನ್ನೂ ಕರೆದು ಆ ಸದ್ದು ಕೇಳಿಸಿ, ಕೇಳಿದ ಕೂಡಲೇ ಯಾವ ಬಾಗಿಲಿನಿಂದ ಆಚೆ ಹೋಗಬೇಕೆಂದು ತೋರಿಸಿಕೊಡಿ.