ಮಾತಿಲ್ಲದ ಚಿತ್ರ, ನಗುವ ಜನ

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ವಚನಗಳನ್ನು ಓದಿಕೊಂಡು ಬಂದವನು ಸಿನೆಮಾದ ಮಾತೆತ್ತಿದನಲ್ಲ ಎಂದು ಓದುಗ ಬಂಧುಗಳು ಹುಬ್ಬೇರಿಸಬಹುದು. ನಮ್ಮ ಗುರುಗಳಿಗೂ ಸಿನೆಮಾ ಎಂದರೆ ಆಗುತ್ತಿರಲಿಲ್ಲ. ಆದರೆ ನಾನು ಹೇಳಹೊರಟಿರುವುದು ಒಂದು ಚಿತ್ರವನ್ನು ನೋಡಿದ ಜನರನ್ನು ಕುರಿತು. ಅವರ ನಡುವೆ ಕುಳಿತಿದ್ದ ನನ್ನ ಸೋದರಮಾವನನ್ನು ಕುರಿತು.

ಮಾವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎಳವೆಯಲ್ಲಿ ಬಂದ ಜ್ವರವೊಂದು ಕಿವಿಯನ್ನೂ ಅದರ ಬೆನ್ನಿಗೇ ಮಾತನ್ನೂ ಒಯ್ದಿತ್ತು. ಚಳ್ಳಕೆರೆಯ ಶೇಂಗಾ ಗಿರಣಿಯೊಂದರಲ್ಲಿ ಮೂಟೆ ಹೊಲಿಯುವುದು ಅವರ ಕಾಯಕ. ಯಂತ್ರದ ಸದ್ದು ಕೆಟ್ಟರೆ ಎಲ್ಲರಿಗಿಂತ ಮೊದಲು ಅವರ ಅಂಗಾಲಿಗೆ ತಿಳಿಯುತ್ತಿತ್ತು. ಮನೆಯಲ್ಲಿ ಹತ್ತು ಮಂದಿ ಕುಳಿತು ನಗುವಾಗ ಅವರೂ ನಗುತ್ತಿದ್ದರು; ಆದರೆ ನಮ್ಮ ಮುಖಗಳನ್ನು ನೋಡಿಕೊಂಡು, ಒಂದು ಗಳಿಗೆ ತಡವಾಗಿ. ಆ ತಡವನ್ನು ನಾವು ಯಾರೂ ಗಮನಿಸಿದವರಲ್ಲ.

1988ರ ಮಾರ್ಚಿಯಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು ಮುಗಿಸಿಕೊಂಡು, ಕೊಬ್ಬರಿ ಸುಟ್ಟ ಹೊಗೆಯ ವಾಸನೆ ಇನ್ನೂ ಅಂಗಿಯಲ್ಲಿರುವಂತೆಯೇ ನಾವಿಬ್ಬರೂ ಚಳ್ಳಕೆರೆಗೆ ಬಂದೆವು. ಅಲ್ಲಿ 'ಪುಷ್ಪಕ ವಿಮಾನ' ನಡೆಯುತ್ತಿತ್ತು. ಮಾವ ಭಿತ್ತಿಪತ್ರವನ್ನು ತೋರಿಸಿ ನನ್ನ ತೋಳು ಹಿಡಿದು ಎಳೆದರು. ಪೌರಾಣಿಕ ಚಿತ್ರವಿರಬೇಕೆಂದು ಭಾವಿಸಿ ನಾನೂ ಒಪ್ಪಿದೆ!

ಸಿಂಗೀತಂ ಶ್ರೀನಿವಾಸರಾಯರು ನಿರ್ದೇಶಿಸಿದ, ನಮ್ಮ ಶೃಂಗಾರ್ ನಾಗರಾಜರು ನಿರ್ಮಾಪಕರಾಗಿದ್ದ ಈ ಚಿತ್ರ 1987ರಲ್ಲಿ ಬೆಂಗಳೂರಿನಲ್ಲಿ ತಯಾರಾದುದು. ನಾಯಕ ಕಮಲಹಾಸನ್. ಆದಿಯಿಂದ ಅಂತ್ಯದವರೆಗೆ ಒಂದೇ ಒಂದು ಮಾತಿಲ್ಲ. ಮಾತಿನ ಚಿತ್ರಗಳು ಬಂದ ಮೇಲೂ 1931ರಲ್ಲಿ ಚಾರ್ಲಿ ಚಾಪ್ಲಿನ್ನರು 'ಸಿಟಿ ಲೈಟ್ಸ್' ಚಿತ್ರದಲ್ಲಿ ಮಾತನ್ನು ಬಿಟ್ಟಿದ್ದರು. ನಮ್ಮಲ್ಲಿ 1931ರಲ್ಲೇ ಮಾತು ಕಲಿತ ಸಿನೆಮಾ ಐವತ್ತಾರು ವರ್ಷ ಮಾತಾಡಿದ ನಂತರ ಹೀಗೆ ಮೌನ ಹಿಡಿದದ್ದು ಸಾಹಸವೇ ಸರಿ.

ಚಳ್ಳಕೆರೆ, ಮೊಳಕಾಲ್ಮೂರು ಗಡಿಯ ಸೀಮೆ. ಸಂತೆಯಲ್ಲಿ ಬೆಲೆ ಕೇಳುವುದು ಕನ್ನಡದಲ್ಲಾದರೆ ಚೌಕಾಸಿ ತೆಲುಗಿನಲ್ಲಿ. ಬೇರೆ ಚಿತ್ರಗಳಿಗೆ ಹೋದರೆ ಪಕ್ಕದವರಿಗೆ ಅರ್ಥ ಹೇಳುವವರ ಗದ್ದಲವೇ ಹೆಚ್ಚು. ಅಂದು ಅದಿರಲಿಲ್ಲ. ಮೊದಲು ಹತ್ತು ನಿಮಿಷ ಜನ ಚಡಪಡಿಸಿದರು. ಯಂತ್ರ ಕೆಟ್ಟಿದೆಯೆಂದು ಹಿಂದಕ್ಕೆ ತಿರುಗಿ ಕೂಗಿದರು. ಆಮೇಲೆ ಕೂಗು ನಿಂತಿತು, ನಗು ಮೊದಲಾಯಿತು. ನಿರುದ್ಯೋಗಿ ನಾಯಕನೂ ಬೀದಿಯ ಭಿಕ್ಷುಕನೂ ತಮ್ಮ ತಮ್ಮ ದುಡ್ಡನ್ನು ಪೈಪೋಟಿಯಿಂದ ತೋರಿಸಿಕೊಳ್ಳುವುದು, ಭಿಕ್ಷುಕನೇ ಗೆಲ್ಲುವುದು. ಕುಡಿದು ಬಿದ್ದ ಸಿರಿವಂತನನ್ನು ಬಚ್ಚಿಟ್ಟು ಅವನ ಹೋಟೆಲು ಕೋಣೆಯಲ್ಲಿ ನಾಯಕ ಮೆರೆಯುವುದು. ಬಣ್ಣದ ಕಾಗದ ಸುತ್ತಿದ ಆ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಏನಿತ್ತೆಂಬುದನ್ನು ಈ ಪುಟಗಳಲ್ಲಿ ಬರೆಯಲಾರೆ, ನೋಡಿದವರು ಬಲ್ಲರು.

ಆಗ ನನಗೆ ಹೊಳೆಯಿತು: ಮಾವ ನನ್ನ ಮುಖ ನೋಡುತ್ತಿಲ್ಲ. ಎಲ್ಲರೊಡನೆ, ಒಮ್ಮೊಮ್ಮೆ ಎಲ್ಲರಿಗಿಂತ ಮೊದಲೇ, ತೊಡೆ ತಟ್ಟಿಕೊಂಡು ನಗುತ್ತಿದ್ದರು. ಅವರ ವಯಸ್ಸು ಆಗ ಐವತ್ತು ದಾಟಿತ್ತು.

ಒಂದೆಡೆ ಮಾತ್ರ ಸೋತರು. ಚಿತ್ರಮಂದಿರದ ಪಕ್ಕದ ವಸತಿಯ ಗದ್ದಲಕ್ಕೆ ಒಗ್ಗಿದ ನಾಯಕನಿಗೆ ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬಾರದು. ಆ ಗದ್ದಲವನ್ನೇ ಟೇಪಿನಲ್ಲಿ ತುಂಬಿಕೊಂಡು ತಂದು ಹಾಕಿ ಮಲಗುತ್ತಾನೆ. ಜನ ನಕ್ಕರು. ಮಾವ ನನ್ನ ಕಡೆ ತಿರುಗಿ ಏನೆಂದು ಕಣ್ಣಿನಲ್ಲೇ ಕೇಳಿದರು. ಸದ್ದಿಲ್ಲದೆ ನಿದ್ದೆ ಬಾರದೆಂಬುದನ್ನು ಅವರಿಗೆ ಯಾವ ಸನ್ನೆಯಿಂದ ಹೇಳಲಿ? ಕೈಚೆಲ್ಲಿದೆ.

ಮುಂದೆ ಆ ಭಿಕ್ಷುಕ ಸಾಯುತ್ತಾನೆ. ಪಿ. ಎಲ್. ನಾರಾಯಣ ಎಂಬ ನಟರ ಪಾತ್ರವದು. ಅವನಡಿಯಿಂದ ಕೂಡಿಟ್ಟ ನೋಟುಗಳು ಹೊರಬರುತ್ತವೆ, ಜನ ಮುಗಿಬೀಳುತ್ತಾರೆ, ಹೆಣವನ್ನು ಕೇಳುವವರಿಲ್ಲ. ನೋಟು ಕಂಡೊಡನೆ ಚಳ್ಳಕೆರೆಯ ಜನ ಶಿಳ್ಳೆ ಹಾಕಿ ನಕ್ಕರು. ನಾನೂ ನಕ್ಕೆ. ಜೋಳಿಗೆ ಹಿಡಿದು ಕಂತಿಭಿಕ್ಷೆಗೆ ಮನೆಮನೆ ತಿರುಗಿ, ಆ ಅನ್ನದಲ್ಲಿ ಅಕ್ಷರ ಕಲಿತವನು ನಾನು. ಮಾವ ಅಂಗಿಯೊಳಗಿನ ಕರಡಿಗೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಮೆಲ್ಲನೆ ನನ್ನ ಕಡೆ ತಿರುಗಿದರು. ನಗುತ್ತಿದ್ದ ನನ್ನ ಮುಖವನ್ನು ನೋಡಿದರು. ಅಂದು ಮಾತ್ರ ತಡವಾಗಿಯೂ ನಗಲಿಲ್ಲ.

ಮನೆಗೆ ನಡೆಯುವಾಗ ದೀಪದ ಕಂಬದಡಿ ನಿಲ್ಲಿಸಿ ಒಂದು ಸನ್ನೆ ಮಾಡಿದರು. ಬಗ್ಗಿ, ಹಿಡಿಯಲ್ಲಿ ಮಣ್ಣೆತ್ತಿ ಗುಂಡಿಗೆ ಹಾಕುವಂತೆ ಮೂರು ಸಲ. ಬಳಿಕ ಅಂಗೈ ಮೇಲೆ ಮಾಡಿ, ಯಾರು ಎಂಬಂತೆ ಹುಬ್ಬೆತ್ತಿದರು. ನನಗೆ ಅರ್ಥವಾಗಿತ್ತು. ಆಗದವನಂತೆ ತಲೆಯಾಡಿಸಿ ಮುಂದೆ ನಡೆದೆ.

2019ರಲ್ಲಿ ಮೊಳಕಾಲ್ಮೂರಿನ ಒಂದು ಉಚಿತ ವಿದ್ಯಾರ್ಥಿನಿಲಯದ ಹುಡುಗರಿಗೆ ಪ್ರತಿ ವಾರ ವಚನ ಹೇಳಿಕೊಡಲು ಹೋಗುತ್ತಿದ್ದೆ. ರೇಷ್ಮೆ ಸೀರೆ ನೇಯುವವರ, ಕುರಿ ಕಾಯುವವರ ಮಕ್ಕಳು. ಅರ್ಧ ಮಂದಿಗೆ ಮನೆಮಾತು ತೆಲುಗು. ಒಂದು ಸಂಜೆ ಅಲ್ಲಿಯ ಉಪಾಧ್ಯಾಯರೊಬ್ಬರು ಗೋಡೆಗೆ ಬಿಳಿಯ ಪಂಚೆ ಕಟ್ಟಿ ಇದೇ ಚಿತ್ರವನ್ನು ತೋರಿಸಿದರು. ಇವರೂ ಮೊದಲು ಚಡಪಡಿಸಿದರು, ಯಾವಾಗ ಮಾತಾಡುತ್ತಾರೆಂದು ಕೇಳಿದರು. ಪೆಟ್ಟಿಗೆಯ ಪ್ರಸಂಗಕ್ಕೆ ಉರುಳಾಡಿ ನಕ್ಕರು. ಮೂವತ್ತೊಂದು ವರ್ಷಗಳಲ್ಲಿ ಆ ನಗುವೊಂದು ಬದಲಾಗಿರಲಿಲ್ಲ.

ಭಿಕ್ಷುಕ ಸತ್ತಾಗ ಕೆಲವರು ನಕ್ಕರು, ಕೆಲವರು ಸುಮ್ಮನಾದರು. ನಾನು ಚಿತ್ರವನ್ನು ಬಿಟ್ಟು ಹುಡುಗರನ್ನೇ ನೋಡುತ್ತಿದ್ದೆ. ದೀಪ ಹಾಕಿ ಜಮಖಾನ ಮಡಿಸುವಾಗ ಐದನೆಯ ತರಗತಿಯವನೊಬ್ಬ ಹತ್ತಿರ ಬಂದ.

"ಅಯ್ಯನೋರೆ, ಆ ತಾತನ್ನ ಮಣ್ಣು ಮಾಡಿದೋರು ಯಾರು?"

ಮಾವ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಗಿರಣಿಯ ಹಮಾಲರೇ ಹೆಗಲು ಕೊಟ್ಟು, ಗುಂಡಿ ತೋಡಿ, ವಿಭೂತಿ ಬಿಲ್ವಪತ್ರೆ ತಂದು ಎಲ್ಲವನ್ನೂ ಮಾಡಿದ್ದರು. ನಾನು ಪರಸ್ಥಳದಿಂದ ಬಂದು ಸೇರುವ ಹೊತ್ತಿಗೆ ಮೂರು ಹಿಡಿ ಮಣ್ಣು ಹಾಕುವುದಷ್ಟೇ ಉಳಿದಿತ್ತು.

ಹುಡುಗ ಕಾಯುತ್ತಿದ್ದ. ಈ ಸಲ ಅರ್ಥವಾಗದವನಂತೆ ತಲೆಯಾಡಿಸಲಿಲ್ಲ. "ಸಿನೆಮಾದಲ್ಲಿ ಅದನ್ನು ತೋರಿಸಿಲ್ಲಪ್ಪ, ನನಗೂ ಗೊತ್ತಿಲ್ಲ" ಎಂದೆ. ಅವನು ಜಮಖಾನದ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ ಹಿಡಿದೆ. ಒಳಗೆ ಪ್ರಸಾದದ ಗಂಟೆ ಬಾರಿಸಿತು.