ತಣ್ಣನೆಯ ಎಂಜಿನ್ನಿನ ಸಪ್ಪಳ

ಮುಂಡರಗಿಯಿಂದ ಗದಗಿಗೆ ಸುಮಾರು 40 ಕಿಲೋಮೀಟರ್. ಮುಂಜಾನೆ ಮನೆ ಮುಂದೆ ಚಾಲೂ ಮಾಡಿದಾಗ ಕಟಕಟ ಎಂದಿದ್ದ ಅಂಬಾಸಿಡರ್, ಆ ದಾರಿ ಮುಗಿಸಿ ಗ್ಯಾರೇಜಿಗೆ ಬರುವಷ್ಟರಲ್ಲಿ ತೆಪ್ಪಗಾಗಿರುತ್ತಿತ್ತು. ಎಂಜಿನ್ ಕಾದರೆ ಎಷ್ಟೋ ಸಪ್ಪಳ ಅಡಗಿಬಿಡುತ್ತವೆ. ಹಳೆಯ ಮಿಸ್ತ್ರಿಗಳು ಹೇಳುತ್ತಿದ್ದದ್ದು ಒಂದೇ ಮಾತು: “ರಾತ್ರಿ ಗಾಡಿ ಇಲ್ಲೇ ಬಿಡ್ರಿ ಸಾವ್ಕಾರ್ರ. ಮುಂಜಾನೆ ನಾನಽ ಚಾಲೂ ಮಾಡಿ ಕೇಳ್ತೀನಿ.”

ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ಗ್ಯಾರೇಜಿನ ಪಕ್ಕದಲ್ಲೇ ನಾನು ಬೆಳೆದೆ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಜೀಪು, ಮ್ಯಾಟಡೋರುಗಳು ಅಲ್ಲಿ ರಾತ್ರಿ ತಂಗುತ್ತಿದ್ದವು. ಮಾರುತಿ 800 ಪೇಟೆಗೆ ಬಂದದ್ದು 1983ರ ಕೊನೆಗೆ. ನಮ್ಮ ಕಡೆ ಅದು ಮಾಮೂಲಿಯಾಗಲು ಇನ್ನೂ ಕೆಲವು ವರ್ಷ ಹಿಡಿಯಿತು.

ಮಿಸ್ತ್ರಿ ಬೆಳಗ್ಗೆ ಬಾನೆಟ್ ಎತ್ತಿ ಮೊದಲು ಆಯಿಲ್ ನೋಡುತ್ತಿದ್ದರು. ಹುಡುಗ ಚೋಕ್ ಎಳೆದು ಸೆಲ್ಫ್ ಹೊಡೆಯುತ್ತಿದ್ದ. ಅಲ್ಲಿಂದ ಯಾರೂ ಮಾತಾಡುವಂತಿರಲಿಲ್ಲ. ರಾತ್ರಿಯೆಲ್ಲ ಆಯಿಲ್ ಕೆಳಗಿನ ಚೇಂಬರಿಗೆ ಇಳಿದಿರುತ್ತದೆ. ಪಂಪು ಅದನ್ನು ಮೇಲೆತ್ತುವ ತನಕದ ಒಂದೆರಡು ಸೆಕೆಂಡು ಸದ್ದು ಬಂದು ನಿಂತರೆ ಆಯಿಲ್, ಫಿಲ್ಟರ್ ನೋಡಬೇಕು. ಮೇಲ್ಗಡೆ ಟಿಕ್ ಟಿಕ್ ಅಂದರೆ ಟ್ಯಾಪೆಟ್. ಟೊಳ್ಳಾಗಿ ಬಡಿದು, ಕಾಯುತ್ತ ಬಂದಂತೆ ತಗ್ಗಿದರೆ ಪಿಸ್ಟನ್: ಅದರ ಅಲ್ಯೂಮಿನಿಯಂ ಸುತ್ತಲಿನ ಬೀಡು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗಿ ಸಂದು ತುಂಬಿಕೊಳ್ಳುತ್ತದೆ. ಆದರೆ ಕೆಳಗಿನಿಂದ ದಪ್ಪಗೆ ಗುದ್ದಿದಂತೆ ಬರುವ ಸದ್ದು, ಆಯಿಲ್ ಕಾದು ತೆಳುವಾದ ಮೇಲೂ ಹೋಗದೆ ಜೋರಾದರೆ, ಅದು ಬೇರಿಂಗು. “ಎಂಜಿನ್ ಕೆಲಸಕ್ಕ ಬಂದೈತಿ” ಎಂಬ ಮಾತು ಆಗ ಮಾತ್ರ ಅವರ ಬಾಯಿಂದ ಬರುತ್ತಿತ್ತು.

ಅಷ್ಟಾದರೂ ಅವರು ಪಾನಾ ಹಿಡಿಯುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿಗೆ, ಬ್ಲಾಕಿಗೆ, ಚೇಂಬರಿಗೆ ಒಂದೊಂದಾಗಿ ಇಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದರು. ಆಮೇಲೆ ಪ್ಲಗ್ ವೈರುಗಳನ್ನು ಒಂದೊಂದೇ ಕೀಳುವುದು. ಯಾವುದನ್ನು ಕಿತ್ತಾಗ ಗುದ್ದು ತಗ್ಗುತ್ತದೋ ಆ ಸಿಲಿಂಡರಿನ ಬೇರಿಂಗೇ ಹೋಗಿದೆ. ಡೀಸೆಲ್ ಗಾಡಿಯಾದರೆ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಇದೇ ಪರೀಕ್ಷೆ. ಉಳ್ಳಾಗಡ್ಡಿ, ಹತ್ತಿ ಮಾರಿದ ದುಡ್ಡಲ್ಲಿ ಜೀಪು ಕೊಂಡವನ ಒಳ್ಳೆಯ ಎಂಜಿನ್ನನ್ನು ಸುಮ್ಮಸುಮ್ಮನೆ ಬಿಚ್ಚಬಾರದು ಎಂಬ ಧರ್ಮ ಈ ತಾಳ್ಮೆಯ ಹಿಂದಿತ್ತು. ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಿವಿಯಿಂದಲೇ ಸಂಗೀತ ಕಲಿತವರನ್ನು ಕಂಡ ಊರು ನಮ್ಮದು. ಕೇಳುವುದೂ ವಿದ್ಯೆಯೇ ಎಂದು ಇಲ್ಲಿ ಬಿಡಿಸಿ ಹೇಳಬೇಕಿರಲಿಲ್ಲ.

ಮುಂದೆ ಕಾರ್ಬ್ಯುರೇಟರ್, ಚೋಕ್ ಎರಡೂ ಹೋದವು. ಎಷ್ಟೋ ಎಂಜಿನ್ನುಗಳಲ್ಲಿ ಟ್ಯಾಪೆಟ್ ಸಂದು ಆಯಿಲ್ ಒತ್ತಡದಿಂದ ತಾನೇ ಹೊಂದಿಕೊಳ್ಳತೊಡಗಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂತು. ಈಗ ಗಾಡಿ ಬಂದೊಡನೆ ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸುತ್ತಾರೆ. ಅದರಿಂದ ಉಪಕಾರ ದೊಡ್ಡದು. ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದು ಅರೆಗಳಿಗೆಯಲ್ಲಿ ತಿಳಿಯುತ್ತದೆ. ಆದರೆ ಸೆನ್ಸರಿಗೆ ತಿಳಿದದ್ದಷ್ಟೇ ಸ್ಕ್ಯಾನರಿಗೆ ತಿಳಿದೀತು. ಸವೆದ ಬೇರಿಂಗು, ಇಬ್ಬನಿಯಲ್ಲಿ ಕಿರುಗುಡುವ ಬೆಲ್ಟು, ತಣ್ಣಗಿದ್ದಾಗ ಮಾತ್ರ ಸೋರುವ ಸೈಲೆನ್ಸರ್ ಗ್ಯಾಸ್ಕೆಟ್ಟು, ಇವಕ್ಕೆ ಎಷ್ಟೋ ಸಲ ಕೋಡೇ ಬರುವುದಿಲ್ಲ.

ಲಕ್ಷ್ಮೇಶ್ವರದ ಗಿರಾಕಿ ಈಗ ಬೆಳಗ್ಗೆಯೇ ಬಾನೆಟ್ ತೆಗೆದು ವಾಟ್ಸಾಪಿನಲ್ಲಿ ವಿಡಿಯೋ ಕಳಿಸುತ್ತಾನೆ. ತಣ್ಣನೆಯ ಸದ್ದು ಊರಿಂದೂರಿಗೆ ಹೋಗುವಂತಾದದ್ದು ನಿಜಕ್ಕೂ ಒಳ್ಳೆಯದೇ. ಆದರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಟ್ಯಾಪೆಟ್ಟಿನ ಟಿಕ್ ಟಿಕ್ ಎದ್ದು ಕೇಳುತ್ತದೆ, ಬೇರಿಂಗಿನ ದಪ್ಪ ಗುದ್ದು ಕಳೆದುಹೋಗುತ್ತದೆ. ಹೆಚ್ಚು ಖರ್ಚಿನ ರೋಗವೇ ಕೇಳಿಸದೆ ಉಳಿಯುತ್ತದೆ.

ಐಟಿಐ ಮುಗಿಸಿ ಬರುವ ಹುಡುಗರಿಗೆ ಸ್ಕ್ಯಾನರಿನ ಜೊತೆಗೆ ಈ ಕೇಳುವ ಕೆಲಸವನ್ನೂ ಯಾರಾದರೂ ಕಲಿಸಲೇಬೇಕು. ಗಾಡಿ ಇಟ್ಟವರೂ ಒಂದಿಷ್ಟು ಮಾಡಬಹುದು. ತಣ್ಣನೆಯ ಎಂಜಿನ್ನಿಗೆ ರೇಸ್ ಕೊಡಬೇಡಿ. ಆಯಿಲ್ ಲೈಟು ಆರಿತೇ, ಸದ್ದು ಎಷ್ಟು ಹೊತ್ತು ಇತ್ತು, ಕ್ಲಚ್ ತುಳಿದಾಗ ಬದಲಾಯಿತೇ ಎಂದು ಗಮನಿಸಿ. ಲೈಟು ಆರದಿದ್ದರೆ ತಕ್ಷಣ ಬಂದ್ ಮಾಡಿ. ಉಳಿದದ್ದನ್ನು ಒಂದು ಚೀಟಿಯಲ್ಲಿ ಬರೆದು ಮಿಸ್ತ್ರಿಗೆ ಕೊಡಿ. ಅವರ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.